ಮೇಜು ಕಾದವಳು ಗುಡ್ಡ ಹತ್ತಿದ್ದು

ಸೆಪ್ಟೆಂಬರಿನ ಮೊದಲ ಸೋಮವಾರ ಟಾಲೆಫ್ಸನ್ ಪಾರ್ಕಿನಲ್ಲಿ ಊಟಕ್ಕೊಂದು ಮೇಜು ಹಿಡಿಯುವುದೆಂದರೆ ಸಾಮಾನ್ಯ ಮಾತಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಕಡಲಿನಷ್ಟು ದೊಡ್ಡ ಆ ಸರೋವರದ ದಂಡೆಯವರೆಲ್ಲ ಬೇಸಿಗೆಯನ್ನು ಬೀಳ್ಕೊಡಲು ಅಂದೇ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಮೊದಲು ಬಂದು ಬಟ್ಟೆ ಹಾಸಿದವರದ್ದು ಮೇಜು. ಆದರೆ ಬಟ್ಟೆಯ ಜೊತೆಗೆ ಒಬ್ಬ ಮನುಷ್ಯನೂ ಕೂತಿರಬೇಕು, ಇಲ್ಲದಿದ್ದರೆ ನೀರಿಗೆ ಹತ್ತಿರದ ಮೇಜನ್ನು ಯಾರು ಬಿಟ್ಟಾರು? ಹಾಗಾಗಿ ಹೌಗನ್ ಮನೆಯವರೆಲ್ಲ ಊಟಕ್ಕೆ ಮುಂಚೆ ಗುಡ್ಡ ಹತ್ತಲು ಹೋದಾಗ ಸೋಲ್ವೆಗ್ ಮೇಜು ಕಾಯುತ್ತಿದ್ದಳು. ಮದುವೆಯಾದ ವರ್ಷ ಹೊಸ ಸೊಸೆ ಎಂದು ಕೂತಳು, ಆಮೇಲೆ ಬಸುರಿ ಎಂದು, ಆಮೇಲೆ ಕೂಸು ಮಲಗಿದೆ ಎಂದು. ಕಾರಣಗಳು ಮುಗಿದ ಮೇಲೆ ಅಭ್ಯಾಸವೇ ಕಾರಣವಾಯಿತು. ಈಗ ಅವಳಿಗೆ ಅರವತ್ತೇಳು.

ಅವಳಿಗೇನೂ ಅಂಥ ಕೊರಗಿರಲಿಲ್ಲ. ಇಳಿದು ಬಂದವರನ್ನು ಮೇಲೆ ಹೇಗಿತ್ತು ಎಂದು ಪ್ರತಿವರ್ಷ ಕೇಳುತ್ತಿದ್ದಳು. ಗಂಡ ಆರ್ವಿಡ್ ಆಲೂಗಡ್ಡೆ ಸಲಾಡಿಗೆ ಚಮಚ ಹಾಕುತ್ತ, ಪರವಾಗಿಲ್ಲ ಎನ್ನುತ್ತಿದ್ದ. ಅವನ ತಂದೆಯೂ ಅಷ್ಟೇ ಹೇಳುತ್ತಿದ್ದರು, ಮಕ್ಕಳೂ ಅದನ್ನೇ ಕಲಿತರು. ಪರವಾಗಿಲ್ಲ ಎನ್ನುವಂಥ ನೋಟಕ್ಕೆ ಮಂಡಿ ಯಾಕೆ ಸವೆಸಬೇಕು ಎಂದುಕೊಂಡು ಸೋಲ್ವೆಗ್ ಹೊಗೆಯಲ್ಲಿ ಬೇಯಿಸಿದ ಮೀನಿನ ಮುಳ್ಳು ಬಿಡಿಸುತ್ತಿದ್ದಳು.

ಈ ವರ್ಷ ಆರ್ವಿಡ್ ದೋಣಿಯಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡ. ಮೇಜಿಗೆ ಕಾವಲುಗಾರ ತಾನಾಗಿ ಸಿಕ್ಕಿದ. ನೀನು ಬಾರಮ್ಮ ಎಂದು ಮಗಳು ಬ್ರಿಟಾ ಕರೆದಳು. ಸೋಲ್ವೆಗ್‌ಳ ಮಂಡಿ ಹೋದ ಚಳಿಗಾಲದಿಂದ ತಕರಾರು ತೆಗೆದಿತ್ತು. ಈ ವರ್ಷ ತಪ್ಪಿದರೆ ಇನ್ನಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಕೂತದ್ದರಿಂದ ಏನಾದರೂ ಕಳೆದುಕೊಂಡೆನೋ ಇಲ್ಲವೋ, ಅದೊಂದನ್ನು ನೋಡಿಯೇ ಬಿಡಬೇಕು ಎಂದು ಎದ್ದಳು.

"ಹೋಗ್ಬಾ. ಮೇಜು ಕಾಯೋದೇನ್ ಮಹಾ ಕೆಲ್ಸ" ಎಂದ ಆರ್ವಿಡ್.

"ಕೂತ್ ನೋಡು, ಗೊತ್ತಾಗುತ್ತೆ" ಎಂದಳು ಅವಳು.

ದಾರಿಯುದ್ದಕ್ಕೂ ಬರ್ಚ್ ಮರಗಳ ಬೇರು ಕಾಲಿಗೆ ಅಡ್ಡ ಬಂತು. ಅರ್ಧ ದಾರಿಯಲ್ಲಿ ಮಂಡಿ ಮುಷ್ಕರ ಹೂಡಿತು. ವಾಪಸ್ಸು ಹೋಗೋಣವೇ ಎಂದು ಬ್ರಿಟಾ ಕೇಳಿದ್ದಕ್ಕೆ, ನಿನಗೆ ಬೇಕಾದರೆ ನೀನು ಹೋಗು ಎಂದು ಗದರಿ, ಒಂದು ಬಂಡೆಯ ಮೇಲೆ ಕೂತು ಸುಧಾರಿಸಿಕೊಂಡು, ಕಡೆಯ ಏರನ್ನು ಕೈಯೂರಿಕೊಂಡೇ ಹತ್ತಿದಳು.

ಮರಗಳು ಮುಗಿದವು. ಸರೋವರ ಇಡಿಯಾಗಿ ಎದುರಿಗಿತ್ತು. ಆಚೆ ದಡವೆಂಬುದೇ ಇಲ್ಲ. ಮೋಡಗಳ ನೆರಳು ನೀರಿನ ಮೇಲೆ ನಿಧಾನವಾಗಿ ನಡೆಯುತ್ತಿತ್ತು. ಕೆಳಗಿನ ಇಳಿಜಾರಿನಲ್ಲಿ ಮೇಪಲ್ ಎಲೆಗಳು ಆಗಲೇ ಕೆಂಪೇರಿದ್ದವು. ಅದಿರು ತುಂಬಿದ ಹಡಗೊಂದು ಕಡ್ಡಿಯಷ್ಟಾಗಿ ಕಾಣುತ್ತಿತ್ತು. ದಕ್ಷಿಣಕ್ಕೆ ವಲಸೆ ಹೊರಟ ಗಿಡುಗಗಳು ಅವಳ ಕಾಲಿಗಿಂತ ಕೆಳಗೆ, ರೆಕ್ಕೆ ಅಲುಗಿಸದೆ ಸಾಲಾಗಿ ಹೋಗುತ್ತಿದ್ದವು. ಹಾರುವ ಹಕ್ಕಿಯ ಬೆನ್ನನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. ಸೋಲ್ವೆಗ್‌ಳ ಕಣ್ಣು ತುಂಬಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ಇದನ್ನಾ ನೀವು ಪರವಾಗಿಲ್ಲ ಅಂತಿದ್ದದ್ದು?"

ಬ್ರಿಟಾ ಕಕ್ಕಾಬಿಕ್ಕಿಯಾದಳು. "ಮತ್ತೇನನ್ಬೇಕಿತ್ತಮ್ಮ?"

ಅವಳದ್ದೂ ತಪ್ಪಲ್ಲ. ಆ ದಂಡೆಯ ಜನ ಹೊಗಳಿಕೆಯಲ್ಲಿ ಮಹಾ ಜಿಪುಣರು. ಮಗ ಪದಕ ಗೆದ್ದರೂ ಪರವಾಗಿಲ್ಲ, ಮದುವೆಯೂಟ ಬಾಯಿ ಚಪ್ಪರಿಸುವಂತಿದ್ದರೂ ಪರವಾಗಿಲ್ಲ. ಅದಕ್ಕಿಂತ ಹೆಚ್ಚು ಹೇಳಿದರೆ ಜಂಬ. ಮೊದಲ ಮೊಮ್ಮಗುವನ್ನು ಎತ್ತಿಕೊಂಡು ಸ್ವತಃ ಸೋಲ್ವೆಗ್ ನೆರೆಯವರಿಗೆ ಹೇಳಿದ್ದೂ ಅಷ್ಟೇ. ಇಷ್ಟೆಲ್ಲ ಗೊತ್ತಿದ್ದವಳು ಈ ಗುಡ್ಡದ ವಿಷಯದಲ್ಲಿ ಮಾತ್ರ ಮಾತನ್ನು ಇದ್ದ ಹಾಗೇ ನಂಬಿ ಕೂತುಬಿಟ್ಟಿದ್ದಳು.

ಕೆಳಗೆ ಬಂದಾಗ ಆರ್ವಿಡ್ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಹೇಗಿತ್ತು ಎಂದು ಈ ಸಲ ಅವನು ಕೇಳಿದ.

"ತುಂಬಾ ಚೆನ್ನಾಗಿದೆ. ಇಷ್ಟು ಚೆನ್ನಾಗಿರೋದನ್ನ ನಾನು ಈ ಜನ್ಮದಲ್ಲಿ ನೋಡಿರ್ಲಿಲ್ಲ" ಎಂದಳು ಸೋಲ್ವೆಗ್. ಊಟಕ್ಕೆ ಕೂತವರ ಕೈಗಳು ನಿಂತವು. "ನಂಗೆ ಹೊಟ್ಟೆ ಉರೀತಿದೆ ಆರ್ವಿಡ್. ಒಂದ್ಸಲ ನೆಟ್ಟಗೆ ಹೇಳಿದ್ರೆ ನಾನೂ ಎದ್ದು ಬರ್ತಿದ್ದೆ."

ಆರ್ವಿಡ್‌ನ ಕಿವಿ ಕೆಂಪಾಯಿತು. ಚಾಚಿದ್ದ ಕಾಲನ್ನು ಕೆಳಗಿಳಿಸಿ ಬೆಂಚಿನ ಮೇಲೆ ಅವಳಿಗೆ ಜಾಗ ಮಾಡಿದ.

"ನಿನ್ನ ಮೊದಲ್ನೇ ಸಲ ಕಂಡು ಮನೆಗೆ ಹೋದಾಗ, ಹುಡುಗಿ ಹೇಗಿದ್ದಾಳೆ ಅಂತ ನಮ್ಮಮ್ಮ ಕೇಳಿದ್ಲು."

"ಏನಂದೆ?"

"ಪರವಾಗಿಲ್ಲ ಅಂದೆ. ಅಮ್ಮ ನೇರ ಒಳಗೆ ಹೋಗಿ, ಅಜ್ಜಿಯ ಮದುವೆ ಉಂಗುರ ತಂದು ನನ್ ಕೈಗಿಟ್ಲು."

ಸೋಲ್ವೆಗ್ ತನ್ನ ಬೆರಳಿನಲ್ಲಿದ್ದ ಆ ಉಂಗುರವನ್ನೊಮ್ಮೆ ತಿರುಗಿಸಿದಳು. ಆಮೇಲೆ ಅವನ ಪಕ್ಕಕ್ಕೆ ಸರಿದು ಕೂತು, ಮಂಡಿ ಏನೇ ಅನ್ನಲಿ, ಮುಂದಿನ ವರ್ಷ ಇಬ್ಬರೂ ಹತ್ತೋಣ, ಮೇಜು ಹೋದರೆ ಹೋಗಲಿ ಎಂದಳು.