ಎಳ್ಳುಗಾತ್ರದ ಕದಗಳು

ಕಣ್ಣಿನ ಕಾಯಿಲೆ ಬಂದಮೇಲೆ ಅಪ್ಪನಿಗೆ ಬಿಸಿಲೆಂದರೆ ಆಗುತ್ತಿರಲಿಲ್ಲ. ಹಗಲೆಲ್ಲ ಪರದೆ ಎಳೆದ ಕೋಣೆಯಲ್ಲೇ ಕೂತಿರುತ್ತಿದ್ದರು. ಮಗಳು ಹೊಸ ಬಗೆಯ ಕಿಟಕಿಯೊಂದನ್ನು ಮಾಡಲು ಹೊರಟದ್ದೇ ಅವರಿಗಾಗಿ. ಎರಡು ಗಾಜಿನ ನಡುವೆ ಎಳ್ಳಿಗಿಂತ ಸಣ್ಣ ಲೋಹದ ಕದಗಳು, ಸಾವಿರಾರು. ಬಿಸಿಲೇರಿದರೆ ತಾವಾಗಿಯೇ ಮುಚ್ಚಿಕೊಂಡು, ಮೋಡ ಕವಿದರೆ ತೆರೆದುಕೊಳ್ಳಬೇಕು. ಮೊದಮೊದಲು ಅರ್ಧ ಕದಗಳು ಮುಚ್ಚಿದರೆ ಉಳಿದರ್ಧ ಮುನಿಸಿಕೊಂಡ ನೆಂಟರಂತೆ ಅಲ್ಲಾಡುತ್ತಲೇ ಇರಲಿಲ್ಲ. ಅವಳು ಇದ್ದ ಕೆಲಸ ಬಿಟ್ಟು, ಅಣ್ಣನ ಜೊತೆ ಸೇರಿ ಚಿಕ್ಕ ವರ್ಕ್‌ಶಾಪ್ ತೆರೆದಳು. ಮಾಡುವುದು ಅವಳು, ಮಾರುವುದು ಅಣ್ಣ. ಸಹಿ ಹಾಕುವ ಅಧಿಕಾರವನ್ನೂ ಅವನಿಗೇ ಬಿಟ್ಟಿದ್ದಳು. ಒಡಹುಟ್ಟಿದವನ ಮೇಲೆ ಅನುಮಾನಪಡುವುದುಂಟೇ?

ಕೊನೆಗೂ ಕಿಟಕಿ ಅಪ್ಪನ ಕೋಣೆಗೆ ಬಂತು. ಅಪ್ಪ ಕಪ್ಪು ಕನ್ನಡಕ ತೆಗೆದಿಟ್ಟು ಬೀದಿ ನೋಡಿದರು. ಎದುರುಮನೆಯ ಬೆಕ್ಕು ಗೋಡೆ ಹತ್ತಿದ್ದನ್ನು ಮಗುವಿನಂತೆ ಕರೆದು ತೋರಿಸಿದರು.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ವರ್ಕ್‌ಶಾಪಿಗೆ ಬೇರೆ ಬೀಗ ಬಿದ್ದಿತ್ತು. ಮನೆಗೆ ಓಡಿಬಂದಳು. ಅಣ್ಣ ಅಪ್ಪನ ಕೋಣೆಯಲ್ಲಿ ಕಿಟಕಿಯ ಸ್ಕ್ರೂ ಬಿಚ್ಚುತ್ತಿದ್ದ. ಪರದೆ ತಯಾರಿಸುವ ದೊಡ್ಡ ಕಂಪನಿಯೊಂದಕ್ಕೆ ಈ ಕಿಟಕಿಯ ಹಕ್ಕನ್ನೆಲ್ಲ ಬರೆದುಕೊಟ್ಟಾಗಿದೆ, ಒಂದು ಮಾದರಿಯೂ ಹೊರಗೆ ಉಳಿಯಬಾರದಂತೆ ಎಂದು ತಡವರಿಸುತ್ತ ಹೇಳಿದ.

"ಅವರು ಇದನ್ನ ಮಾಡ್ತಾರಾ?" ಎಂದಳು.

"ಇಲ್ಲ. ಮಾಡಿದ್ರೆ ಅವರ ಪರದೆ ಯಾರು ತಗೋತಾರೆ?"

ಅಪ್ಪನಾದರೂ ಅವನಿಗೆ ಬೈಯಲಿ ಎಂದು ಅತ್ತ ತಿರುಗಿದಳು. ಅಪ್ಪ ಆಗಲೇ ಕಪ್ಪು ಕನ್ನಡಕ ಹಾಕಿಕೊಂಡು ಸಿದ್ಧವಾಗಿ ಕೂತಿದ್ದರು.

"ಅಪ್ಪಾ, ನಿಮಗೆ ಗೊತ್ತಿತ್ತಾ?"

"ಹೋದ ತಿಂಗಳೇ ಕೇಳಿದ್ದ ಕಣಮ್ಮಾ. ಅವನಿಗೂ ಒಂದು ದಾರಿ ಆಗಲಿ ಅಂತ ಒಪ್ಪಿದೆ. ನೀನು ಜಾಣೆ, ಇನ್ನೇನಾದರೂ ಮಾಡ್ಕೋತೀಯ."

ಆಸ್ಪತ್ರೆಯ ಕಣ್ಣಿನ ವಾರ್ಡಿಗೆಲ್ಲ ಇಂಥ ಕಿಟಕಿ ಹಾಕಿಸಬೇಕೆಂದು ಹೋದ ತಿಂಗಳೆಲ್ಲ ಅಪ್ಪನ ಪಕ್ಕದಲ್ಲೇ ಕೂತು ಹೇಳಿಕೊಂಡಿದ್ದಳು. ಅಪ್ಪ ಎಲ್ಲಕ್ಕೂ ಹೂಂಗುಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಅಣ್ಣನ ಕೈಯಲ್ಲಿ ಗಾಜು ಒಡೆಯುವುದು ಖಂಡಿತವಿತ್ತು. ಸ್ಕ್ರೂಡ್ರೈವರ್ ಕಿತ್ತುಕೊಂಡು ತಾನೇ ಬಿಚ್ಚಿಕೊಟ್ಟಳು. ಬಿಸಿಲು ನುಗ್ಗಿತು, ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವಳು ದಪ್ಪ ಚಾದರವೊಂದನ್ನು ತಂದು ಮೊಳೆಗೆ ಸಿಕ್ಕಿಸಿ, ಬಟ್ಟೆ ತುಂಬಿಕೊಂಡು ಗೆಳತಿಯ ಮನೆಗೆ ಹೊರಟುಹೋದಳು.

ಅಣ್ಣನ ಮುಖ ಮತ್ತೆ ನೋಡಲಿಲ್ಲ. ಅಪ್ಪನ ಕಣ್ಣಿಗೆ ಔಷಧಿ ಹಾಕಲು ಮಾತ್ರ ಬರುತ್ತಿದ್ದಳು, ಊಟವಾಯಿತೇ ಎಂದೂ ಕೇಳುತ್ತಿದ್ದಳು. ಈಗೇನು ಕೆಲಸ ಮಾಡ್ತಿದ್ದೀಯಮ್ಮಾ ಎಂದು ಅವರು ಕೇಳಿದಾಗ, "ಏನೋ ಒಂದು" ಎಂದು ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಿದ್ದಳು.