ಮುಕ್ಕಾಲು ಗೆರೆ ದಾಟಿದ ಡಬ್ಬಿ

ನಮ್ಮ ಆಸ್ಪತ್ರೆಯ ಸ್ಟೋರಿನವನಿಗೆ ಒಂದು ಸೂಜಿ ಡಬ್ಬಿ ಕೊಡುವುದೆಂದರೆ ಅಪ್ಪನ ಮನೆಯ ಗಂಟು ಕರಗಿದ ಹಾಗೆ. ಬಳಸಿದ ಸೂಜಿ, ಬ್ಲೇಡು ಹಾಕುವ ಆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಮುಕ್ಕಾಲು ಮಟ್ಟಕ್ಕೆ ಒಂದು ಗೆರೆಯಿದೆ. ಅಲ್ಲಿಗೆ ಬಂದರೆ ಮುಚ್ಚಿ ಕಳಿಸಬೇಕು, ಹೊಸದು ತರಬೇಕು. ಈ ಮಹಾಶಯ ಹಳೆಯದನ್ನು ಕೈಯಲ್ಲಿ ತೂಗಿ ನೋಡಿ, ಇನ್ನೂ ಬೇಕಾದಷ್ಟು ಹಿಡಿಯುತ್ತದೆ ಎಂದು ವಾಪಸು ಅಟ್ಟುತ್ತಾನೆ. ಜಗಳವಾಡಿ ಜಗಳವಾಡಿ ಗಂಟಲು ಕಟ್ಟಿದ ಮೇಲೆ ನಾನೇ ಒಂದು ಉಪಾಯ ಕಂಡುಹಿಡಿದೆ. ಡಬ್ಬಿಯನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ಸೂಜಿಗಳು ಕೆಳಗಿಳಿಯುತ್ತವೆ, ಇನ್ನೆರಡು ದಿನ ತಳ್ಳಬಹುದು. ವಾರ್ಡಿಗೆಲ್ಲ ಕಲಿಸಿದೆ. ಹದಿನೇಳು ವರ್ಷ ಕೆಲಸ ಮಾಡಿದ ನರ್ಸಿಗೆ ಈ ಬುದ್ಧಿ.

ನನ್ನ ತಮ್ಮನ ಹೆಂಡತಿಯನ್ನು ಇದೇ ವಾರ್ಡಿನ ಕ್ಲೀನಿಂಗ್ ಕೆಲಸಕ್ಕೆ ಸೇರಿಸಿದವಳೂ ನಾನೇ. ಎಲ್ಲರೂ ನನ್ನನ್ನು ಸಿಸ್ಟರ್ ಎಂದರೆ ಅವಳೊಬ್ಬಳು ಅಕ್ಕ ಎನ್ನುತ್ತಾಳೆ. ಬುಧವಾರ ಮಧ್ಯಾಹ್ನ ಅವಳು ನೆಲ ಒರೆಸುವ ಕೋಲನ್ನು ಎಡಗೈಯಲ್ಲಿ ಹಿಡಿದು ಒದ್ದಾಡುತ್ತಿದ್ದಳು. ಬಲ ಅಂಗೈಗೆ ಪ್ಲಾಸ್ಟರ್ ಪಟ್ಟಿ. ಏನೆಂದು ಕೇಳಿದರೆ ಏನಿಲ್ಲವಂತೆ. ಕಿತ್ತು ನೋಡಿ, ಗದರಿಸಿದ ಮೇಲೆ ಬಾಯಿ ಬಿಟ್ಟಳು. ಸೋಮವಾರ ಬೆಳಿಗ್ಗೆ ಡಬ್ಬಿ ಕುಟ್ಟುವಾಗ, ಅದರ ಬಾಯಿಂದ ಚಾಚಿದ್ದ ಸೂಜಿಯೊಂದು ಗ್ಲೌಸ್ ದಾಟಿ ಅಂಗೈಗೆ ಇಳಿದಿತ್ತು. ಸೋಪು ಹಾಕಿ ತೊಳೆದುಕೊಂಡು ಸುಮ್ಮನಿದ್ದಳು.

ಸೂಜಿ ಯಾವ ರೋಗಿಯದೋ, ಆ ರೋಗಿಗೆ ಏನಿತ್ತೋ, ಯಾರಿಗೆ ಗೊತ್ತು? ಎಚ್‌ಐವಿ ತಡೆಯುವ ಮಾತ್ರೆ ಮೂರು ದಿನದೊಳಗೆ ಶುರುವಾಗಬೇಕು. ಗಂಟೆ ಕಳೆದಷ್ಟೂ ಅದರ ಬಲ ಕಡಿಮೆ. ಆಗಲೇ ಎರಡು ದಿನ ಮಣ್ಣುಪಾಲಾಗಿತ್ತು. ಊಟಕ್ಕೆ ಕೂತಿದ್ದ ಡಾಕ್ಟರನ್ನು ಎಬ್ಬಿಸಿ ಚೀಟಿ ಬರೆಸಿದೆ, ಅವಳ ರಕ್ತ ತೆಗೆಸಿದೆ. ಮಾತ್ರೆ ಕೊಡುವಲ್ಲಿ ಆಫೀಸಿನ ಸೀಲು ಬಿದ್ದ ಫಾರಂ ಬೇಕೆಂದರು.

ಆಫೀಸಿನ ಗುಮಾಸ್ತ ಫಾರಂ ಓದಿದ, ಕನ್ನಡಕ ಒರೆಸಿದ, ಮತ್ತೆ ಓದಿದ. ಕಾರಣದ ಜಾಗದಲ್ಲಿ ನಾನು ಡಬ್ಬಿ ಕಂಠಮಟ್ಟ ತುಂಬಿತ್ತೆಂದು ಬರೆದಿದ್ದೆ. ಹಾಗಾದರೆ ಸ್ಟೋರಿನವನ ಉತ್ತರ ಬೇಕು, ಅವನು ಶುಕ್ರವಾರದವರೆಗೆ ರಜೆ ಎಂದ. ಸುಲಭದ ದಾರಿಯನ್ನೂ ತಾನೇ ತೋರಿಸಿದ.

"ಕೆಲಸದವರ ಅಜಾಗರೂಕತೆ ಅಂತ ಬರೀರಿ ಸಿಸ್ಟರ್. ಈಗಲೇ ಸೀಲ್ ಹಾಕಿಕೊಡ್ತೀನಿ."

ಮೈಯೆಲ್ಲ ಉರಿದುಹೋಯಿತು. ಚುಚ್ಚಿಸಿಕೊಂಡವಳೂ ಅವಳೇ, ತಪ್ಪು ಹೊರುವವಳೂ ಅವಳೇ. ಅಜಾಗರೂಕತೆ ಎಂದು ಬರೆಸಿಕೊಂಡವರನ್ನು ಇಲ್ಲಿ ಮರುತಿಂಗಳೇ ಮನೆಗೆ ಕಳಿಸುತ್ತಾರೆ. ಸ್ಟೋರಿನವನ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದೆ. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು, ಜಗಳಕ್ಕೆ ಪುರುಸೊತ್ತಿರಲಿಲ್ಲ. ಫಾರಂ ಕಿತ್ತುಕೊಂಡು, ಬರೆದದ್ದನ್ನು ಹೊಡೆದುಹಾಕಿ, ತುಂಬಿದ ಡಬ್ಬಿಯನ್ನು ಕುಟ್ಟಲು ಹೇಳಿದವಳು ನಾನು ಎಂದು ಬರೆದು ಸಹಿ ಹಾಕಿದೆ.

"ಇದು ನಿಮ್ಮ ತಲೆಗೇ ಬರುತ್ತೆ," ಎಂದ ಗುಮಾಸ್ತ.

"ಬರಲಿ. ಸೀಲ್ ಒತ್ತಿ."

ಒತ್ತಿದ. ಹತ್ತು ನಿಮಿಷದಲ್ಲಿ ಮಾತ್ರೆ ಅವಳ ಕೈಗೆ ಬಂತು. ಇಪ್ಪತ್ತೆಂಟು ದಿನ ತಪ್ಪದೆ ನುಂಗಬೇಕು, ಆಮೇಲೆ ಪರೀಕ್ಷೆಯ ಮೇಲೆ ಪರೀಕ್ಷೆ. ಅಲ್ಲಿಯವರೆಗೆ ಸೋಂಕು ತಗುಲಿದೆಯೋ ಇಲ್ಲವೋ ಯಾರೂ ಹೇಳುವ ಹಾಗಿಲ್ಲ. ಡ್ರೆಸ್ಸಿಂಗ್ ಕೋಣೆಯ ಸ್ಟೂಲಿನ ಮೇಲೆ ಕೂತು ಅವಳು ಮೊದಲನೆಯದನ್ನು ನುಂಗಿದಳು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. ಸ್ಟೋರಿನವನಿಗೆ, ಗುಮಾಸ್ತನಿಗೆ ಮಂಗಳಾರತಿ ಮುಗಿಸಿ ಅವಳ ಕಡೆ ತಿರುಗಿದೆ. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ, ಸೋಮವಾರವೇ ಬಂದು ಬೊಗಳಬಾರದಿತ್ತೇ ಎಂದು ಕೂಗಾಡಿದೆ.

ಅವಳು ನೀರಿನ ಲೋಟ ಕೆಳಗಿಟ್ಟಳು.

"ಹೇಳೋಣ ಅಂತಲೇ ಬಂದಿದ್ದೆ ಅಕ್ಕ. ನೀವು ಯಾರಿಗೋ ಬೈತಾ ಇದ್ರಿ. ನನಗೂ ಹಾಗೇ ಬೈತೀರ ಅಂತ ಹೆದರಿ ವಾಪಸ್ ಹೋದೆ."

ಆ ಎರಡು ದಿನವನ್ನು ಸ್ಟೋರಿನವನೂ ಕಳೆದಿರಲಿಲ್ಲ, ಗುಮಾಸ್ತನೂ ಕಳೆದಿರಲಿಲ್ಲ. ಅವಳ ಚುಚ್ಚಿದ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ತಪ್ಪಾಯ್ತಮ್ಮ ಎಂದು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.