ಗಂಗುಲಪ್ಪನ ಕೊನೆಯ ಕ್ರಾಂಕು

ಬೈರಮ್ಮ ಗಂಡನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಹೆಣಕ್ಕೆ ನೀರು ಹೊಯ್ದ ಹೆಂಗಸರು ಸರಿದು ನಿಂತರೂ ಅವಳು ಕೈ ಬಿಡಲಿಲ್ಲ. ವರ್ಷಗಟ್ಟಲೆ ಕುಲುಮೆಯ ಮುಂದೆ ಕೂತವನ ಕೈ ಅದು. ಎಣ್ಣೆಮಸಿ ಉಗುರಿನ ಸಂದಿಯಲ್ಲಿ ಮನೆ ಮಾಡಿಕೊಂಡಿತ್ತು.

“ಬಿಡು ಅತ್ತಿಗೆ, ಅದು ಹೋಗಲ್ಲ,” ಎಂದಳು ನಾದಿನಿ ಮುನಿಯಲ್ಲಮ್ಮ. “ಮದುವೇಲಿ ಅಷ್ಟು ಅರಿಶಿನ ಮೆತ್ತಿದ್ರೂ ನಮ್ಮಣ್ಣನ ಕೈ ಕರ್ರಗೇ ಇತ್ತು.”

ಅಳುತ್ತಿದ್ದವರಲ್ಲಿ ಒಂದಿಬ್ಬರು ನಕ್ಕುಬಿಟ್ಟರು. ಬೈರಮ್ಮನಿಗೂ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು.

ಆವನಿಯ ದಾರಿಯಲ್ಲಿರುವ ಆ ಹಳ್ಳಿಯಲ್ಲಿ ಗಂಗುಲಪ್ಪನದು ರಾಗಿ ಬೆಳೆಯುವ ಮನೆತನ. ಪ್ರಾಯದಲ್ಲಿ ಚಿನ್ನದ ಗಣಿಯ ವರ್ಕ್‌ಷಾಪಿಗೆ ಕೂಲಿಗೆ ಹೋದವನು ಕಬ್ಬಿಣದ ಹುಚ್ಚು ಹತ್ತಿಸಿಕೊಂಡು ಬಂದ. ಯುದ್ಧ ಶುರುವಾಗಿ ಸೀಮೆಯಿಂದ ಹಡಗಿನಲ್ಲಿ ಸಾಮಾನು ಬರುವುದು ನಿಂತಿತು ನೋಡಿ, ಆಗ ಆ ಹುಚ್ಚಿಗೆ ಬೆಲೆ ಬಂತು. ಕ್ರಾಂಕು ಅಂದರೆ ಇಂಜಿನ್ನಿನ ಹೊಟ್ಟೆಯೊಳಗೆ ತಿರುಗಿ ಗಾಡಿ ಓಡಿಸುವ ಅಂಕುಡೊಂಕಿನ ಉಕ್ಕಿನ ದಂಡ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಯಾವ ಹಳೇ ಕಾರಿನ ಕ್ರಾಂಕು ಮುರಿದರೂ ಗಂಗುಲಪ್ಪನೇ ಗತಿ. ಹಳೇ ಗಾಡಿಗಳ ಗಾಲಿಯಚ್ಚನ್ನು ಕಾಯಿಸಿ, ಬಡಿದು, ಬಗ್ಗಿಸಿ, ವಾರಗಟ್ಟಲೆ ಅರ ಹಾಕಿ ಹೊಸದು ಮಾಡಿಕೊಡುತ್ತಿದ್ದ. ತಿದಿ ಒತ್ತುವವಳು ಬೈರಮ್ಮ.

ಬಾಡಿಗೆ ಕಾರಿನ ಚನ್ನರಾಯಪ್ಪ ಮುಳಬಾಗಿಲಿನಿಂದ ಎತ್ತಿನ ಗಾಡಿಯಲ್ಲಿ ಬಂದಿದ್ದ. ಹೆಣಕ್ಕೆ ಹಾರ ಹಾಕಿ, ಜಗಲಿಯ ಮೇಲಿದ್ದ ಗೋಣಿಗಂಟನ್ನು ಕಂಡೂ ಕಾಣದವನ ಹಾಗೆ ನಿಂತ. ಸತ್ತವನ ಅಣ್ಣ ಪೆದ್ದಪ್ಪನೇ ಮಾತು ತೆಗೆದ.

“ನಿನ್ನ ಕ್ರಾಂಕು ತಾನೆ? ಮುಗಿಸವ್ನೆ. ತಗೊಂಡೋಗಪ್ಪ.”

“ಇವತ್ತು ಕೇಳೋ ಮಾತಲ್ಲ ಅಣ್ಣ. ಆದ್ರೆ ಮಗಳಿಗೆ ದಿನ ತುಂಬೈತೆ, ಶ್ರೀನಿವಾಸಪುರದಿಂದ ಕಾರಲ್ಲೇ ಕರ್ಕೊಂಡು ಬರ್ಬೇಕು. ಎತ್ತಿನ ಗಾಡಿ ಕುಲುಕಾಟಕ್ಕೆ ಹೆದರ್ತೀನಿ.”

“ಅವನ ಕೈ ಕೆಲಸ, ಇನ್ನೇನು ಹೆದರಿಕೆ? ನೀನು ಓಡಿಸ್ತಿರೋವರ್ಗೂ ನಮ್ಮ ಗಂಗುಲು ಇದ್ದಂಗೇ.”

ಬೈರಮ್ಮನ ಕೈ ನಿಂತುಹೋಯಿತು.

*

ಮುಗಿದ ಕ್ರಾಂಕನ್ನು ಹುಣಸೆಕೊಂಬೆಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುವುದು ಗಂಗುಲಪ್ಪನ ಪದ್ಧತಿ. ಗಟ್ಟಿಯಾಗಿದ್ದರೆ ಗುಡಿಯ ಗಂಟೆಯ ಹಾಗೆ ನಾದ ಎಳೆಯುತ್ತಿತ್ತು. ಕಣ್ಣಿಗೆ ಕಾಣದ ಬಿರುಕಿದ್ದರೂ ಒಡಕು ಮಡಕೆಯ ಹಾಗೆ ಬೊದ್ದೆನ್ನುತ್ತಿತ್ತು. ಅಂಥದಕ್ಕೆ ಉಳಿಯಿಂದ ಅಡ್ಡಡ್ಡ ಎರಡು ಗೀಟು ಹೊಡೆದು ಮೂಲೆಗೆ ಎಸೆಯುತ್ತಿದ್ದ. ಆಮೇಲೆ ಅದು ಯಾರದೋ ಮನೆಯ ಹಾರೆ ಆಗುತ್ತಿತ್ತು.

ಬಡಿದು ಬಡಿದು ಅವನ ಕಿವಿ ಎಂದೋ ಹೋಗಿತ್ತು. ಊರವರು ಗರ್ವದವನು, ಕರೆದರೆ ತಿರುಗುವುದಿಲ್ಲ ಅಂದುಕೊಂಡಿದ್ದರು. ಗಂಡ ಹೆಂಡತಿ ಇಬ್ಬರೂ ಗುಟ್ಟು ಬಿಡಲಿಲ್ಲ. ಕಿವುಡ ಮಾಡಿದ ಕ್ರಾಂಕು ಯಾರಿಗೆ ಬೇಕು? ತಟ್ಟಿದ ಮೇಲೆ ಅವನು ಕ್ರಾಂಕನ್ನು ನೋಡುತ್ತಿರಲಿಲ್ಲ, ಬೈರಮ್ಮನ ಮುಖ ನೋಡುತ್ತಿದ್ದ. ಅವಳು ತಲೆಯಾಡಿಸಿದರೆ ಕೆಲಸ ಮುಗಿದ ಹಾಗೆ.

ಈ ಸಲ ಜ್ವರದಲ್ಲೇ ದುಡಿದ. ಮೊನ್ನೆ ಸಂಜೆ ನಿಲ್ಲಲಾರದೆ ಮರಕ್ಕೊರಗಿ ತಟ್ಟಿದ. ಬೊದ್ದೆಂದಿತು. ಅವನು ಅವಳತ್ತ ತಿರುಗಿದ. ಎಲುಬೆದ್ದ ಎದೆ, ಆಸೆಯ ಕಣ್ಣು. ಬೈರಮ್ಮ ತಲೆಯಾಡಿಸಿಬಿಟ್ಟಳು. ಚೇತರಿಸಿಕೊಂಡ ಮೇಲೆ ಹೇಳಿದರಾಯಿತು ಎಂದು ಅವಳ ಲೆಕ್ಕ.

ಅವನು ಸ್ವಲ್ಪ ಹೊತ್ತು ಅವಳನ್ನೇ ನೋಡಿ ನಕ್ಕ. ಅವಳು ಗಂಜಿ ಕಾಯಿಸಲು ಒಳಗೆ ಹೋದಾಗ ಹೊರಗಿನಿಂದ ಸುತ್ತಿಗೆಯ ಸದ್ದು ಕೇಳಿಸಿತು. ಸಾಯೋವರ್ಗೂ ಸುಮ್ಮನಿರಲ್ಲ ಈ ಮನುಷ್ಯ ಎಂದು ಗೊಣಗಿದಳು. ಬಟ್ಟಲು ಹಿಡಿದು ಬಂದಾಗ ಅವನು ಕ್ರಾಂಕನ್ನು ಗೋಣಿಯಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿಟ್ಟಿದ್ದ. ಆಮೇಲೆ ಮಲಗಿದವನು ಏಳಲಿಲ್ಲ.

*

ಚನ್ನರಾಯಪ್ಪ ಗಂಟನ್ನು ಹೆಗಲಿಗೇರಿಸಿಕೊಂಡ. ಸುಮ್ಮನಿದ್ದರೆ ಗಂಡನ ಹೆಸರು ಉಳಿಯುತ್ತಿತ್ತು, ಅವಳದೂ. ಆದರೆ ತುಂಬು ಬಸುರಿಯೊಬ್ಬಳು ಆ ಕಾರಿನಲ್ಲಿ ಕೂತಿರುವುದು ಬೈರಮ್ಮನ ಕಣ್ಣಿಗೆ ಕಟ್ಟಿತು. ಒದ್ದೆ ಸೀರೆಯಲ್ಲೇ ಎದ್ದು ನಿಂತಳು.

“ಅದನ್ನ ಇಳಿಸಣ್ಣ. ಅದರಾಗೆ ಬಿರುಕೈತೆ.”

ಚಟ್ಟ ಕಟ್ಟುತ್ತಿದ್ದವರು ತಲೆಯೆತ್ತಿದರು.

“ಏನಮ್ಮ ಇದು?” ಪೆದ್ದಪ್ಪ ಅವಳತ್ತ ತಿರುಗಿದ. “ಗಂಡ ಇನ್ನೂ ಅಂಗಳದಾಗವ್ನೆ. ಅವನ ಕೆಲಸಾನ ಹಳೀತೀಯ?”

“ಅವ್ರಿಗೆ ಕಿವಿ ಕೇಳ್ತಿರ್ಲಿಲ್ಲ ಭಾವ. ಸದ್ದು ಕೇಳಿ ಹೇಳ್ತಿದ್ದೋಳು ನಾನು. ಅವ್ರ ಮುಖ ನೋಡಿ ಮೊನ್ನೆ ಸುಳ್ಳಾಡ್ದೆ. ನನ್ನೇ ನಂಬ್ಕೊಂಡು ಹೋದ್ರು.” ಅವಳು ಗಂಟಿನತ್ತ ಕೈ ತೋರಿದಳು. “ಬಿಚ್ಚಿ ತಟ್ಟಿ ನೋಡಿ, ನಿಮಗೇ ಗೊತ್ತಾಗ್ತದೆ.”

ಪೆದ್ದಪ್ಪ ಜಗಲಿಯ ಮೇಲೆ ಕೂತುಬಿಟ್ಟ. ಚನ್ನರಾಯಪ್ಪ ಗಂಟನ್ನು ಇಳಿಸಿ ಬಿಚ್ಚಿದ. ಗೋಣಿ ಸರಿಯಿತು. ತಟ್ಟಲು ಕೈಚಾಚಿದವನು ಹಾಗೇ ನಿಂತು, ಕ್ರಾಂಕನ್ನು ಅವಳ ಕಡೆ ಹೊರಳಿಸಿದ.

“ಅಕ್ಕ, ಇದೇನು ನೋಡು.”

ದಂಡದ ಮಗ್ಗುಲಲ್ಲಿ ಉಳಿಯ ಎರಡು ಗೀಟು, ಅಡ್ಡಡ್ಡ. ಇನ್ನೂ ತುಕ್ಕು ಹಿಡಿಯದೆ ಬೆಳ್ಳಗೆ ಹೊಳೆಯುತ್ತಿದ್ದವು.

ಬೈರಮ್ಮ ಕೂತುಕೊಂಡಳು. ನೀರಿಗೆ ನೆನೆದು ಸುಕ್ಕಾಗಿದ್ದ ಹೆಬ್ಬೆರಳನ್ನು ಆ ಗೀಟಿನ ಮೇಲಿಟ್ಟು ಒತ್ತಿದಳು. ಎಷ್ಟೋ ಹೊತ್ತಿನ ಮೇಲೆ ತೆಗೆದಾಗ ಬೆರಳಿನ ತುಂಬ ಎಣ್ಣೆಮಸಿ, ನಡುವೆ ಅವೇ ಎರಡು ಗೀಟು ಮೂಡಿದ್ದವು.